ಯಾವ ಉಪ್ಪು, ಎಷ್ಟು ಉಪ್ಪು: ಡಿಎನ್‌ಎ, ಆರ್‌ಎನ್‌ಎ ಮಡಚುವ ಮುನ್ನ

ಲ್ಯಾಬಿಗೆ ಹೊಸದಾಗಿ ಸೇರಿದವರು ಬಫರ್, ಅಂದರೆ ಪಿಎಚ್ ಏರುಪೇರಾಗದಂತೆ ನೋಡಿಕೊಳ್ಳುವ ದ್ರಾವಣ, ಮಾಡಲು ನಿಂತಾಗ ಮೊದಲು ಕೇಳುವುದು ‘ಉಪ್ಪು ಎಷ್ಟು ಹಾಕ್ಲಿ?’ ಅಂತ. ನನ್ನ ಲೆಕ್ಕದಲ್ಲಿ ಅದು ಮೂರನೇ ಪ್ರಶ್ನೆ. ಮೊದಲನೆಯದು ಯಾವ ಉಪ್ಪು ಅನ್ನುವುದು. ಎರಡನೆಯದು, ಹಾಕಿದ ಉಪ್ಪನ್ನು ಟ್ಯೂಬಿನೊಳಗೆ ಬೇರೆ ಯಾರು ನುಂಗುತ್ತಿದ್ದಾರೆ ಅನ್ನುವುದು. ಇವೆರಡಕ್ಕೆ ಉತ್ತರ ಸಿಕ್ಕರೆ ‘ಎಷ್ಟು’ ಅನ್ನುವುದು ಹೆಚ್ಚೂಕಡಿಮೆ ತಾನಾಗಿ ಗೊತ್ತಾಗುತ್ತದೆ.

ಉಪ್ಪು ಯಾಕೆ ಬೇಕು ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ಡಿಎನ್‌ಎ ಇರಲಿ, ಆರ್‌ಎನ್‌ಎ ಇರಲಿ, ಬೆನ್ನೆಲುಬಿನ ಉದ್ದಕ್ಕೂ ಫಾಸ್ಫೇಟ್‌ಗಳಿವೆ. ಒಂದೊಂದರ ಮೇಲೂ ಒಂದು ಮೈನಸ್ ಚಾರ್ಜ್. ಡಿಎನ್‌ಎಯ ಜೋಡಿ ಎಳೆಯಲ್ಲಂತೂ ಪ್ರತಿ 0.17 ನ್ಯಾನೋಮೀಟರಿಗೆ ಒಂದು ಮೈನಸ್ ಬರುತ್ತದೆ. ಎರಡು ಎಳೆ ಹತ್ತಿರ ಬಂದರೆ ತಳ್ಳಾಟ ಶುರು. ನಡುವೆ ನಿಂತು ಸಮಾಧಾನ ಮಾಡುವವು ನೀರಿನಲ್ಲಿರುವ ಪ್ಲಸ್ ಅಯಾನುಗಳು. ಜೆರಾಲ್ಡ್ ಮ್ಯಾನಿಂಗ್ 1969ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಸೋಡಿಯಂನಂಥ ಒಂಟಿ ಪ್ಲಸ್ ಅಯಾನುಗಳು ಜೋಡಿ ಎಳೆಯ ಮೇಲೆ ಮುತ್ತಿಕೊಂಡು ಅದರ ಚಾರ್ಜಿನಲ್ಲಿ ನೂರಕ್ಕೆ ಸುಮಾರು 76 ಭಾಗವನ್ನು ಅಳಿಸಿಬಿಡುತ್ತವೆ. ಉಳಿದ ಚಾರ್ಜಿನ ಕೈ ಎಷ್ಟು ದೂರ ಚಾಚುತ್ತದೆ ಅನ್ನುವುದು ಉಪ್ಪಿನ ಮೇಲೆ ಹೋಗುತ್ತದೆ. 10 ಮಿಲಿಮೋಲಾರ್ (ಮೋಲಾರ್ ಅಂದರೆ ಲೀಟರಿಗೆ ಒಂದು ಮೋಲ್, ಮಿಲಿ ಅದರ ಸಾವಿರದಲ್ಲೊಂದು ಭಾಗ) ಇದ್ದರೆ ಸುಮಾರು 3 ನ್ಯಾನೋಮೀಟರ್, 100 ಇದ್ದರೆ 1, ಪೂರ್ತಿ 1 ಮೋಲಾರ್ ಇದ್ದರೆ 0.3. ಜೋಡಿ ಎಳೆಯ ದಪ್ಪವೇ 2 ನ್ಯಾನೋಮೀಟರ್. ಅಂದರೆ ಕಡಿಮೆ ಉಪ್ಪಿನಲ್ಲಿ ಪಕ್ಕದ ಎಳೆಗೆ ಹತ್ತಿರ ಬರಲೂ ಬಿಡುವುದಿಲ್ಲ.

ಇಷ್ಟೇ ಆಗಿದ್ದರೆ ಯಾವ ಉಪ್ಪಾದರೂ ನಡೆಯುತ್ತಿತ್ತು. ಆದರೆ ಮದುವೆಮನೆ ತುಂಬಿಸಲು ನೆಂಟರು ಯಾರಾದರೂ ಸರಿ, ಹುಡುಗಿಯನ್ನು ಮಂಟಪಕ್ಕೆ ಕರೆತರಲು ಮಾತ್ರ ಸೋದರಮಾವನೇ ಬೇಕು, ಅಲ್ವಾ? ಇಲ್ಲೂ ಹಾಗೇ. ಕೆಲವು ಮಡಿಕೆಗಳಿಗೆ ಸುತ್ತ ಜನ ಇದ್ದರೆ ಸಾಕು. ಕೆಲವಕ್ಕೆ ಇಂಥದೇ ಅಯಾನು, ಇಂಥದೇ ಜಾಗದಲ್ಲಿ ಬಂದು ಕೂರಬೇಕು. ನಿಮ್ಮ ಅಣು ಯಾವ ಜಾತಿಯದು ಅಂತ ಮೊದಲು ನೋಡಿ.

ಬರೀ ಜೋಡಿ ಎಳೆ ಸಾಕಾದರೆ ಸೋಡಿಯಂ

ಎರಡು ಒಂಟಿ ಎಳೆಗಳನ್ನು ಸೇರಿಸಿ ಜೋಡಿ ಮಾಡಬೇಕು, ಅಷ್ಟೇ ಕೆಲಸ ಅಂದರೆ ಸೋಡಿಯಂ ಕ್ಲೋರೈಡ್ ಸಾಕು. ಅಗ್ಗ, ಎಲ್ಲ ಲ್ಯಾಬಿನ ಕಪಾಟಿನಲ್ಲೂ ಇರುತ್ತದೆ. ನಾನು ಬಳಸುವುದು 10 ಮಿಲಿಮೋಲಾರ್ ಟ್ರಿಸ್, 50 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 1 ಮಿಲಿಮೋಲಾರ್ ಇಡಿಟಿಎ (ಮೆಗ್ನೀಶಿಯಂನಂಥ ಎರಡು ಪ್ಲಸ್ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವ ವಸ್ತು). 95 ಡಿಗ್ರಿಯಲ್ಲಿ ಎರಡು ಮೂರು ನಿಮಿಷ ಕಾಯಿಸಿ, ಮುಕ್ಕಾಲು ಗಂಟೆಯಲ್ಲಿ ನಿಧಾನವಾಗಿ ಕೋಣೆಯ ಬಿಸಿಗೆ ಇಳಿಸುವುದು. ಮಷೀನ್ ಖಾಲಿ ಇಲ್ಲದ ದಿನ ಕುದಿನೀರಿನ ಪಾತ್ರೆಯಲ್ಲಿ ಟ್ಯೂಬ್ ತೇಲಿಬಿಟ್ಟು, ಒಲೆ ಆರಿಸಿ ಊಟಕ್ಕೆ ಹೋದರೂ ಆಗುತ್ತದೆ.

ಲೆಕ್ಕಕ್ಕೆ 1965ರಿಂದ ಓಡಾಡುತ್ತಿರುವ ಒಂದು ಅಂದಾಜಿದೆ: ಸೋಡಿಯಂ ಹತ್ತು ಪಟ್ಟು ಏರಿದರೆ ಎಳೆಗಳು ಬಿಡಿಸಿಕೊಳ್ಳುವ ಉಷ್ಣತೆ, ನಾವು ಟಿಎಂ ಅನ್ನುವುದು, ಸುಮಾರು 16.6 ಡಿಗ್ರಿ ಏರುತ್ತದೆ. ಉದ್ದದ ಡಿಎನ್‌ಎಗೆ ಕಟ್ಟಿದ ಸೂತ್ರ ಇದು, ಚಿಕ್ಕ ಎಳೆಗಳಿಗೆ ಸ್ವಲ್ಪ ಆಚೀಚೆ ಆಗುತ್ತದೆ. ಆದರೂ ಮನಸ್ಸಿನಲ್ಲಿಟ್ಟುಕೊಳ್ಳಲು ಒಳ್ಳೆಯದು. ಯಾಕಂದರೆ ಸಾಫ್ಟ್‌ವೇರ್‌ಗಳ ಹೊಟ್ಟೆಯಲ್ಲಿರುವ ಅಂಕಿಗಳು, ಜಾನ್ ಸಾಂಟಾಲೂಸಿಯಾ 1998ರಲ್ಲಿ ಒಟ್ಟುಗೂಡಿಸಿದಂಥವು, 1 ಮೋಲಾರ್ ಸೋಡಿಯಂ ಕ್ಲೋರೈಡಿನವು. ಅಲ್ಲಿ 72 ಡಿಗ್ರಿ ಅಂತ ಬಂದಿದ್ದು ನಿಮ್ಮ 50 ಮಿಲಿಮೋಲಾರ್ ಟ್ಯೂಬಿನಲ್ಲಿ 50ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇಪ್ಪತ್ತೆರಡು ಡಿಗ್ರಿ ವ್ಯತ್ಯಾಸ! ಉಪ್ಪಿನ ಕಾಲಂ ತುಂಬದೆ ಎಂಟರ್ ಒತ್ತುವವರು ಇನ್ನೂ ಇದ್ದಾರೆ.

ಹಾಗಾದರೆ ಸುಮ್ನೆ ಜಾಸ್ತಿ ಹಾಕಿಬಿಟ್ಟರೆ? ಸರಿಯಾದ ಜೋಡಿ ಗಟ್ಟಿಯಾಗುತ್ತದೆ, ನಿಜ. ತಪ್ಪು ಜೋಡಿಯೂ ಅಷ್ಟೇ ಗಟ್ಟಿಯಾಗುತ್ತದೆ. ಸದರ್ನ್ ಬ್ಲಾಟ್, ಅಂದರೆ ಪೊರೆಗೆ ಅಂಟಿಸಿದ ಡಿಎನ್‌ಎಯಲ್ಲಿ ಬೇಕಾದ ಸಾಲನ್ನು ಜೊತೆ ಎಳೆಯಿಂದ ಹುಡುಕುವ ವಿಧಾನ, ಮಾಡಿದವರಿಗೆ ಇದು ಗೊತ್ತು. ಮೊದಲ ತೊಳೆತ 2 ಪಟ್ಟು ಎಸ್‌ಎಸ್‌ಸಿ ಅನ್ನುವ ಉಪ್ಪಿನ ದ್ರಾವಣದಲ್ಲಿ, ಕೊನೆಯದು 0.1 ಪಟ್ಟಿನಲ್ಲಿ. ಸೋಡಿಯಂ ಕ್ಲೋರೈಡ್ 300 ಮಿಲಿಮೋಲಾರ್‌ನಿಂದ 15ಕ್ಕೆ ಇಳಿಯುತ್ತದೆ. ಅರೆಬರೆ ಕೂಡಿಕೊಂಡವು ಜಾರಿ ಹೋಗುತ್ತವೆ, ನಿಜವಾದ ಜೋಡಿ ಉಳಿಯುತ್ತದೆ. ಇನ್ನು ಉಪ್ಪು 4 ಮೋಲಾರ್‌ವರೆಗೆ ಹೋದರೆ ಜಿ ಮತ್ತು ಸಿ ಬೇಸ್‌ಗಳು (ಡಿಎನ್‌ಎಯ ಎ, ಟಿ, ಜಿ, ಸಿ ಅನ್ನುವ ನಾಲ್ಕು ಅಕ್ಷರಗಳಲ್ಲಿ ಎರಡು) ಸರದಿಯಲ್ಲಿ ಬರುವ ಡಿಎನ್‌ಎ ಬಲಸುತ್ತು ಬಿಟ್ಟು ಎಡಸುತ್ತಿಗೆ ತಿರುಗಿಕೊಳ್ಳುತ್ತದೆ. ಪೋಲ್ ಮತ್ತು ಜೋವಿನ್ 1972ರಲ್ಲೇ ಈ ತಿರುವನ್ನು ಕಂಡಿದ್ದರು. ಅದು ಝಡ್-ಡಿಎನ್‌ಎ ಅಂತ ಸ್ಪಷ್ಟವಾಗಲು 1979ರ ಹರಳಿನ ಚಿತ್ರ ಬರಬೇಕಾಯಿತು.

ಒಂಟಿ ಎಳೆ ತನ್ನ ಮೇಲೇ ಮಡಚಿಕೊಂಡು ಹೇರ್‌ಪಿನ್ ಆಗಬೇಕು ಅಂದರೆ ದಾರಿ ಉಲ್ಟಾ. ಹೇರ್‌ಪಿನ್ ಆಗುವ ಎಳೆ ಇನ್ನೊಂದು ತನ್ನಂಥದೇ ಎಳೆಯ ಜೊತೆ ಜೋಡಿಯೂ ಆಗಬಲ್ಲದು. ಉಪ್ಪು ಜಾಸ್ತಿ, ಎಳೆ ಜಾಸ್ತಿ, ತಣಿಸುವುದು ನಿಧಾನ: ಈ ಮೂರೂ ಜೋಡಿಯ ಪರ. ಹೇರ್‌ಪಿನ್ ಬೇಕಿದ್ದರೆ ಉಪ್ಪು ಕಡಿಮೆ ಮಾಡಿ, ಎಳೆಯ ದ್ರಾವಣ ತೆಳುವಾಗಿಡಿ, 95 ಡಿಗ್ರಿಯಿಂದ ನೇರ ಐಸಿನೊಳಗೆ ಚುಚ್ಚಿ. ಜೊತೆಗಾರ ಸಿಗುವ ಮೊದಲೇ ತನ್ನಷ್ಟಕ್ಕೆ ಮಡಚಿಕೊಂಡಿರುತ್ತದೆ. ಅಗತ್ಯ ಬಿದ್ದರೆ ಉಪ್ಪನ್ನು ಆಮೇಲೆ ಸೇರಿಸಿದರಾಯಿತು.

ಜಿ ಗುಂಪುಗಳಿದ್ದರೆ ಪೊಟ್ಯಾಸಿಯಂ

ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡಕ್ಕೂ ಇರುವುದು ಒಂದೇ ಪ್ಲಸ್. ಮಾಮೂಲಿ ಜೋಡಿ ಎಳೆಗೆ ಇವೆರಡರ ನಡುವೆ ಹೇಳಿಕೊಳ್ಳುವಂಥ ಫರಕಿಲ್ಲ. ಆದರೆ ಸೀಕ್ವೆನ್ಸ್‌ನಲ್ಲಿ ಎರಡು, ಮೂರು ಜಿ ಒಟ್ಟಿಗೆ ಬರುವ ಗುಂಪುಗಳು ನಾಲ್ಕು ಕಡೆ ಇದ್ದರೆ ಆಟವೇ ಬೇರೆ. ನಾಲ್ಕು ಜಿ ಸೇರಿ ಒಂದು ಚೌಕ. ಚೌಕದ ಮೇಲೆ ಚೌಕ. ಇದು ಜಿ-ಕ್ವಾಡ್ರುಪ್ಲೆಕ್ಸ್. ಪ್ರತಿ ಚೌಕದ ನಡುವಿಗೆ ಜಿಗಳ ಆಕ್ಸಿಜನ್‌ಗಳು ಮುಖ ಮಾಡಿರುತ್ತವೆ. ಅವುಗಳ ತಳ್ಳಾಟ ನಿಲ್ಲಿಸಲು ನಡುವೆ ಒಂದು ಅಯಾನು ಕೂರಲೇಬೇಕು. ಇಲ್ಲಿ ಸೋದರಮಾವ ಪೊಟ್ಯಾಸಿಯಂ.

ಗಾತ್ರ ಸರಿಹೊಂದುತ್ತದೆ ಅನ್ನುವುದು ಇದಕ್ಕೆ ಎಲ್ಲರೂ ಕೊಡುವ ಕಾರಣ. ಅದು ಅರ್ಧ ಮಾತ್ರ. ಒಳಗೆ ಕೂರಬೇಕಾದರೆ ಅಯಾನು ತನ್ನ ಸುತ್ತಲಿನ ನೀರನ್ನು ಕಳಚಿ ಬರಬೇಕು. ಚಿಕ್ಕ ಸೋಡಿಯಂ ನೀರನ್ನು ಬಿಗಿಯಾಗಿ ಹಿಡಿದಿರುತ್ತದೆ, ಕಳಚಲು ಜಾಸ್ತಿ ಖರ್ಚು. ಲಿಥಿಯಂಗೆ ಇನ್ನೂ ಜಾಸ್ತಿ. ಪೊಟ್ಯಾಸಿಯಂ ಸಲೀಸಾಗಿ ಬಿಟ್ಟುಕೊಡುತ್ತದೆ. ಹಾಗಾಗಿ ಸರದಿ ಯಾವಾಗಲೂ ಪೊಟ್ಯಾಸಿಯಂ, ಆಮೇಲೆ ಸೋಡಿಯಂ, ಕೊನೆಗೆ ಲಿಥಿಯಂ. 1992ರಲ್ಲಿ ಹುಡುಕಿದ, ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಪ್ರೋಟೀನಿಗೆ ಅಂಟುವ 15 ಬೇಸಿನ ಚಿಕ್ಕ ಎಳೆಯನ್ನೇ ನೋಡಿ. 100 ಮಿಲಿಮೋಲಾರ್ ಪೊಟ್ಯಾಸಿಯಂನಲ್ಲಿ ಸುಮಾರು 50 ಡಿಗ್ರಿಯವರೆಗೆ ಮಡಚಿಕೊಂಡೇ ಇರುತ್ತದೆ. ಅಷ್ಟೇ ಸೋಡಿಯಂನಲ್ಲಿ ಕೋಣೆಯ ಬಿಸಿಗೇ ಬಿಚ್ಚಿಕೊಳ್ಳತೊಡಗುತ್ತದೆ.

ಬಿಗಿ ಒಂದೇ ಅಲ್ಲ, ಆಕಾರವೂ ಬದಲಾಗುತ್ತದೆ. ನಮ್ಮ ಕ್ರೋಮೋಸೋಮ್‌ಗಳ ತುದಿಯಲ್ಲಿರುವ ಟಿಟಿಎಜಿಜಿಜಿ ಸಾಲು ಸೋಡಿಯಂ ದ್ರಾವಣದಲ್ಲಿ ಒಂದು ಬುಟ್ಟಿಯ ಹಾಗೆ ಮಡಚುತ್ತದೆ, ಎರಡು ಎಳೆ ಒಂದು ದಿಕ್ಕಿಗೆ, ಎರಡು ಅದರ ವಿರುದ್ಧ ದಿಕ್ಕಿಗೆ. ಇದನ್ನು 1993ರಲ್ಲಿ ಎನ್‌ಎಂಆರ್ ಅನ್ನುವ, ದ್ರಾವಣದಲ್ಲೇ ಅಣುವಿನ ಆಕಾರ ತಿಳಿಯುವ ವಿಧಾನದಿಂದ ತೋರಿಸಿದರು. 2002ರಲ್ಲಿ ಪೊಟ್ಯಾಸಿಯಂ ಹಾಕಿ ಬೆಳೆಸಿದ ಹರಳಿನಲ್ಲಿ ನಾಲ್ಕೂ ಎಳೆ ಒಂದೇ ದಿಕ್ಕಿಗೆ. ಪೊಟ್ಯಾಸಿಯಂ ದ್ರಾವಣದಲ್ಲಿ ನೋಡಿದರೆ ಮೂರು ಒಂದು ಕಡೆಗೆ, ಒಂದು ಇನ್ನೊಂದು ಕಡೆಗೆ. ಜೀವಕೋಶದೊಳಗೆ ಪೊಟ್ಯಾಸಿಯಂ ಸುಮಾರು 140 ಮಿಲಿಮೋಲಾರ್, ಸೋಡಿಯಂ ಹತ್ತು ಹದಿನೈದು. ಆದ್ದರಿಂದ ಕೋಶದ ಮಾತಾಡುವವರು ಸೋಡಿಯಂ ಚಿತ್ರ ಹಿಡಿದು ಔಷಧಿ ಹುಡುಕಬೇಡಿ.

ಇಲ್ಲಿ ಎಡವುವ ಜಾಗವೊಂದಿದೆ. ‘ಪೊಟ್ಯಾಸಿಯಂ ಹಾಕಿಲ್ಲ’ ಅಂದುಕೊಂಡ ಟ್ಯೂಬಿನಲ್ಲೂ ಅದು ಇರುತ್ತದೆ. ಬಫರ್ ಪೊಟ್ಯಾಸಿಯಂ ಫಾಸ್ಫೇಟ್ ಆಗಿರಬಹುದು. ಪಿಎಚ್ ಸರಿಮಾಡಲು ಯಾರೋ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸುರಿದಿರಬಹುದು. ಹೋಲಿಕೆಗೆ ನಿಜವಾಗಿಯೂ ಮಡಚದ ಟ್ಯೂಬ್ ಬೇಕಿದ್ದರೆ ಪಿಎಚ್ ಸರಿಮಾಡುವುದೂ ಲಿಥಿಯಂ ಹೈಡ್ರಾಕ್ಸೈಡಿನಿಂದಲೇ ಆಗಲಿ. ಇನ್ನೊಂದು: ಎಸ್‌ಡಿಎಸ್ ಅನ್ನುವ ಸೋಪಿನಂಥ ವಸ್ತು ಇರುವ ಕಡೆ ಪೊಟ್ಯಾಸಿಯಂ ತರಬೇಡಿ. ಮೊಸರು ಒಡೆದ ಹಾಗೆ ಬಿಳಿ ಗಸಿ ಕೂರುತ್ತದೆ.

ಮೆಗ್ನೀಶಿಯಂ: ಕಡಿಮೆಯಲ್ಲಿ ಹೆಚ್ಚು ಕೆಲಸ, ತಲೆನೋವೂ ಹೆಚ್ಚು

ಎರಡು ಪ್ಲಸ್ ಇರುವ ಅಯಾನು ಒಂದು ಬಂದು ಕೂತರೆ ಎರಡು ಸೋಡಿಯಂಗೆ ಬಿಡುಗಡೆ. ಅದಕ್ಕೇ ಸ್ವಲ್ಪ ಮೆಗ್ನೀಶಿಯಂ ಬಹಳ ಸೋಡಿಯಂಗೆ ಸಮ. 10 ಮಿಲಿಮೋಲಾರ್ ಮೆಗ್ನೀಶಿಯಂ ಇದ್ದರೆ ಜೋಡಿ ಎಳೆಯ ಮಟ್ಟಿಗೆ 1 ಮೋಲಾರ್ ಸೋಡಿಯಂನ ಹತ್ತಿರ ಅಂತ ಒರಟಾಗಿ ಹೇಳುವುದುಂಟು. ಪಿಸಿಆರ್ ವಿಧಾನದಿಂದ ಡಿಎನ್‌ಎ ನಕಲು ಮಾಡುವವರು ಬಳಸುವ ಲೆಕ್ಕ ಇನ್ನೊಂದಿದೆ. ಮೆಗ್ನೀಶಿಯಂನಿಂದ ಡಿಎನ್‌ಟಿಪಿ (ನಕಲು ಕಟ್ಟಲು ಬೇಕಾದ ಬಿಡಿ ಬೇಸ್‌ಗಳ ಕಚ್ಚಾವಸ್ತು) ಕಳೆಯಿರಿ, ವರ್ಗಮೂಲ ತೆಗೆಯಿರಿ, 120ರಿಂದ ಗುಣಿಸಿ. ಬಂದದ್ದು ಎಷ್ಟು ಮಿಲಿಮೋಲಾರ್ ಸೋಡಿಯಂಗೆ ಸಮ ಅಂತ.

ಒಂದು ಟ್ಯೂಬ್ ಇಟ್ಟುಕೊಂಡು ನೋಡೋಣ. ಮಾಮೂಲಿ ಪಿಸಿಆರ್ ಬಫರ್: ಪೊಟ್ಯಾಸಿಯಂ ಕ್ಲೋರೈಡ್ 50, ಮೆಗ್ನೀಶಿಯಂ 1.5 ಮಿಲಿಮೋಲಾರ್. ಡಿಎನ್‌ಟಿಪಿ ನಾಲ್ಕೂ 0.2ರಂತೆ ಒಟ್ಟು 0.8. ಡಿಎನ್‌ಟಿಪಿ ಮೆಗ್ನೀಶಿಯಂ ಹಿಡಿದಿಟ್ಟುಕೊಳ್ಳುವುದರಿಂದ ಉಳಿದದ್ದು 0.7. ವರ್ಗಮೂಲ 0.84, ಗುಣಿಸಿದರೆ 100. ಪೊಟ್ಯಾಸಿಯಂ ಸೇರಿ 150. ಅಂದರೆ ಕಣ್ಣಿಗೆ ಕಾಣದಷ್ಟು ಇರುವ ಮೆಗ್ನೀಶಿಯಂ ಪೊಟ್ಯಾಸಿಯಂಗಿಂತ ಎರಡು ಪಟ್ಟು ಕೆಲಸ ಮಾಡುತ್ತಿದೆ. ಮೆಗ್ನೀಶಿಯಂ 3ಕ್ಕೆ ಏರಿಸಿದರೆ ಒಟ್ಟು 228 ಆಗುತ್ತದೆ, ಟಿಎಂ ಸುಮಾರು 3 ಡಿಗ್ರಿ ಏರುತ್ತದೆ. ಪ್ರೈಮರ್, ಅಂದರೆ ನಕಲು ಶುರುಮಾಡುವ ಚಿಕ್ಕ ಎಳೆ, ಕಂಡಕಂಡಲ್ಲಿ ಅಂಟಿಕೊಂಡು ಜೆಲ್‌ನಲ್ಲಿ (ಕರೆಂಟ್ ಹರಿಸಿ ಅಣುಗಳನ್ನು ಬೇರ್ಪಡಿಸುವ ಹಾಳೆ) ಏಣಿಯ ಹಾಗೆ ಬ್ಯಾಂಡ್ ಬರುವುದು ಹೀಗೆ. ಅತ್ತ ಡಿಎನ್‌ಟಿಪಿಯನ್ನು ದುಪ್ಪಟ್ಟು ಮಾಡಿ ಮೆಗ್ನೀಶಿಯಂ ಮರೆತರೆ 1.6 ಆಯಿತು, ಇದ್ದ 1.5 ಪೂರ್ತಿ ಹೋಯಿತು. ಎಂಜೈಮಿಗೂ ಇಲ್ಲ, ಪ್ರೈಮರಿಗೂ ಇಲ್ಲ. ಜೆಲ್ ಖಾಲಿ.

ಆರ್‌ಎನ್‌ಎಯ ಕಥೆ ಇನ್ನೂ ಸೂಕ್ಷ್ಮ. ಅದು ಎರಡು ಹಂತದಲ್ಲಿ ಮಡಚುತ್ತದೆ. ಮೊದಲು ಹೇರ್‌ಪಿನ್‌ಗಳು. ಅದಕ್ಕೆ 100 ಮಿಲಿಮೋಲಾರ್ ಪೊಟ್ಯಾಸಿಯಂ ಸಾಕು. ಆಮೇಲೆ ಆ ಹೇರ್‌ಪಿನ್‌ಗಳು ಒಂದರ ಪಕ್ಕ ಒಂದು ಒತ್ತಿ ಕೂತು ಗಟ್ಟಿ ಉಂಡೆಯಾಗಬೇಕು. ಅಲ್ಲಿ ಫಾಸ್ಫೇಟ್‌ಗೆ ಫಾಸ್ಫೇಟ್ ಮೂಗು ತಾಗುತ್ತದೆ. ಆ ಹಂತಕ್ಕೆ ಬಹಳ ಸಲ ಮೆಗ್ನೀಶಿಯಂ ಬೇಕೇ ಬೇಕು. ಆರು ನೀರಿನ ಅಣು ಸುತ್ತಿಕೊಂಡೇ ಹೆಚ್ಚಿನ ಮೆಗ್ನೀಶಿಯಂ ಓಡಾಡಿಕೊಂಡಿರುತ್ತದೆ. ಕೆಲವೇ ಕೆಲವು ನೀರು ಕಳಚಿ ನಿಗದಿತ ಜಾಗದಲ್ಲಿ ಕೂರುತ್ತವೆ. ಎಂಫೋಲ್ಡ್, ವಿಯೆನ್ನಾ ಆರ್‌ಎನ್‌ಎ ಅನ್ನುವ ಸಾಫ್ಟ್‌ವೇರ್‌ಗಳು ಬಿಡಿಸುವ ಚಿತ್ರ ಮಾಮೂಲಿ ಸೆಟ್ಟಿಂಗ್‌ನಲ್ಲಿ 1 ಮೋಲಾರ್ ಸೋಡಿಯಂ, 37 ಡಿಗ್ರಿಯದು, ಅದೂ ಮೊದಲ ಹಂತದ್ದು ಮಾತ್ರ. ಅದನ್ನೇ ಆರ್‌ಎನ್‌ಎಯ ನಿಜರೂಪ ಅಂತ ಗೋಡೆಗೆ ಅಂಟಿಸಿಕೊಳ್ಳಬೇಡಿ.

ಮೆಗ್ನೀಶಿಯಂ ಎಷ್ಟರಮಟ್ಟಿಗೆ ಕತೆ ತಿರುಗಿಸಬಲ್ಲದು ಅನ್ನುವುದಕ್ಕೆ ಸಿಡ್ನಿ ಆಲ್ಟ್‌ಮನ್ ಗುಂಪಿನ 1983ರ ಪ್ರಯೋಗ ನನಗೆ ಬಹಳ ಇಷ್ಟ. ಆರ್‌ಎನ್‌ಏಸ್ ಪಿ ಅನ್ನುವ ಎಂಜೈಮ್‌ನಲ್ಲಿ ಒಂದು ಆರ್‌ಎನ್‌ಎ, ಒಂದು ಪ್ರೋಟೀನ್. 5ರಿಂದ 10 ಮಿಲಿಮೋಲಾರ್ ಮೆಗ್ನೀಶಿಯಂನಲ್ಲಿ ಎರಡೂ ಇದ್ದರೆ ಮಾತ್ರ ಕತ್ತರಿಸುತ್ತಿತ್ತು. 60ಕ್ಕೆ ಏರಿಸಿದಾಗ ಆರ್‌ಎನ್‌ಎ ಒಂದೇ ಕತ್ತರಿಸಿತು! ಅದೇ ಹೊತ್ತಿಗೆ ಥಾಮಸ್ ಚೆಕ್ ಟೆಟ್ರಾಹೈಮಿನಾ ಅನ್ನುವ ಒಂದೇ ಕೋಶದ ಜೀವಿಯ ಆರ್‌ಎನ್‌ಎ ತನ್ನನ್ನು ತಾನೇ ಕತ್ತರಿಸಿಕೊಳ್ಳುವುದನ್ನು ತೋರಿಸಿದ್ದರು. ಇಬ್ಬರಿಗೂ ಸೇರಿ 1989ರ ನೊಬೆಲ್ ಬಂತು. ಬಫರಿನಲ್ಲಿ ಒಂದು ಅಂಕಿ ಬದಲಾಗದಿದ್ದರೆ ಪ್ರೋಟೀನಿನ ಹಿಂದೆ ಆರ್‌ಎನ್‌ಎ ಇನ್ನೆಷ್ಟು ದಿನ ಅಡಗಿರುತ್ತಿತ್ತೋ.

ಅಂತ ಎಲ್ಲದಕ್ಕೂ 60 ಹಾಕಲು ಹೋಗಬೇಡಿ. ಪ್ರಾಣಿಗಳ ಕೋಶದೊಳಗೆ ಬಿಡಿಯಾಗಿ ಸಿಗುವ ಮೆಗ್ನೀಶಿಯಂ 0.5ರಿಂದ 1 ಮಿಲಿಮೋಲಾರ್ ಅಷ್ಟೇ. ಮತ್ತೆ, ಮೆಗ್ನೀಶಿಯಂ ತಪ್ಪು ಮಡಿಕೆಯನ್ನೂ ಗಟ್ಟಿ ಮಾಡುತ್ತದೆ. ಟೆಟ್ರಾಹೈಮಿನಾದ ಅದೇ ಆರ್‌ಎನ್‌ಎ ಒಮ್ಮೆ ತಪ್ಪಾಗಿ ಮಡಚಿಕೊಂಡರೆ ಬಿಡಿಸಿಕೊಳ್ಳಲು ಗಂಟೆಗಟ್ಟಲೆ ಬೇಕು, ಮೆಗ್ನೀಶಿಯಂ ಜಾಸ್ತಿಯಾದಷ್ಟೂ ತಡ. ಅದನ್ನು ಬಳಸುವವರು 10 ಮಿಲಿಮೋಲಾರ್ ಮೆಗ್ನೀಶಿಯಂನಲ್ಲಿ 50 ಡಿಗ್ರಿಗೆ ಅರ್ಧ ಗಂಟೆ ಇಟ್ಟು ಮೊದಲೇ ಮಡಚಿಸಿಕೊಳ್ಳುತ್ತಾರೆ.

ಇನ್ನೊಂದು ಮಾತು, ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಆರ್‌ಎನ್‌ಎಯನ್ನು ಮೆಗ್ನೀಶಿಯಂ ಜೊತೆ 95 ಡಿಗ್ರಿಗೆ ಕಾಯಿಸಬಾರದು. ತುಂಡಾಗುತ್ತದೆ. ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಡುವವರು ಬೇಕಂತಲೇ ಮೆಗ್ನೀಶಿಯಂ ಹಾಕಿ 94 ಡಿಗ್ರಿಯಲ್ಲಿ ಕೆಲವು ನಿಮಿಷ ಇಟ್ಟು ಚೂರು ಮಾಡಿಕೊಳ್ಳುವ ವಿಧಾನವೇ ಇದೆ. ಮೊದಲು ಬರೀ ಬಫರ್ ಮತ್ತು ಪೊಟ್ಯಾಸಿಯಂನಲ್ಲಿ ಕಾಯಿಸಿ, ಕೋಣೆಯ ಬಿಸಿಗೆ ಇಳಿಸಿ, ಆಮೇಲೆ ಮೆಗ್ನೀಶಿಯಂ ಹಾಕಿ 37 ಡಿಗ್ರಿಯಲ್ಲಿ ಇಡಿ. ಡಿಎನ್‌ಎಗೆ ಈ ಭಯವಿಲ್ಲ.

ನನ್ನ ಒಂದು ವಾರ ಎಲ್ಲಿ ಹೋಯಿತು

100 ಬೇಸಿನ ಒಂದು ಆರ್‌ಎನ್‌ಎ. 1 ಮಿಲಿಮೋಲಾರ್ ಮೆಗ್ನೀಶಿಯಂನಲ್ಲಿ ಮಡಚಬೇಕಿತ್ತು, ಮಡಚಲಿಲ್ಲ. ಹೊಸ ಆರ್‌ಎನ್‌ಎ ಮಾಡಿದೆ, ಹೊಸ ಬಫರ್ ಮಾಡಿದೆ, ಆರ್‌ಎನ್‌ಎ ಕತ್ತರಿಸಿಹಾಕುವ ಆರ್‌ಎನ್‌ಏಸ್ ಎಂಜೈಮ್ ಸೇರಿಕೊಂಡಿದೆ ಅಂತ ಬೆಂಚನ್ನೆಲ್ಲ ಒರೆಸಿದೆ. ಏಳನೇ ದಿನ ಕಾಗದ ಪೆನ್ನು ಹಿಡಿದು ಕೂತೆ. ಆರ್‌ಎನ್‌ಎಯನ್ನು ಕರಗಿಸಿಟ್ಟಿದ್ದು ಟಿಇ ಬಫರಿನಲ್ಲಿ. ಅದರಲ್ಲಿ 1 ಮಿಲಿಮೋಲಾರ್ ಇಡಿಟಿಎ. ಟ್ಯೂಬಿನ ಅರ್ಧ ಅದೇ ಇತ್ತು, ಅಂದರೆ ಇಡಿಟಿಎ 0.5. ಒಂದಕ್ಕೆ ಒಂದರಂತೆ ಮೆಗ್ನೀಶಿಯಂ ಹಿಡಿದುಕೊಂಡಿತು. ಉಳಿದದ್ದು 0.5. ಆರ್‌ಎನ್‌ಎ 10 ಮೈಕ್ರೋಮೋಲಾರ್ ಇತ್ತು. ನೂರು ಬೇಸ್ ಅಂದರೆ ಹೆಚ್ಚೂಕಡಿಮೆ ನೂರು ಫಾಸ್ಫೇಟ್, ಒಟ್ಟು 1 ಮಿಲಿಮೋಲಾರ್ ಮೈನಸ್ ಚಾರ್ಜ್. ಅದೂ ತನ್ನ ಸುತ್ತ ಮೆಗ್ನೀಶಿಯಂ ಎಳೆದುಕೊಂಡಿತು. ಬಿಡಿಯಾಗಿ ಉಳಿದದ್ದು ಇಲ್ಲವೇ ಇಲ್ಲ ಅನ್ನುವಷ್ಟು. ಲೇಬಲ್ ಮೇಲೆ ಮಾತ್ರ ‘1 ಮಿಲಿಮೋಲಾರ್’ ಅಂತ ದುಂಡಗೆ ಬರೆದಿದ್ದೆ.

ಅಂದಿನಿಂದ ಮೆಗ್ನೀಶಿಯಂ ಕೆಲಸಕ್ಕೆ ಬರುವ ಆರ್‌ಎನ್‌ಎ ನನ್ನ ಹತ್ತಿರ ನೀರಿನಲ್ಲೋ 0.1 ಮಿಲಿಮೋಲಾರ್ ಇಡಿಟಿಎಯಲ್ಲೋ ಇರುತ್ತದೆ. ಎಟಿಪಿ, ಸಿಟ್ರೇಟ್ ಕೂಡ ಇದೇ ಕಳ್ಳರ ಗುಂಪು. ಜೆಲ್ ಓಡಿಸುವಾಗಲೂ ಎಚ್ಚರ. ಟ್ಯೂಬಿನಲ್ಲಿ ಚಂದ ಮಡಚಿಕೊಂಡದ್ದನ್ನು 2 ಮಿಲಿಮೋಲಾರ್ ಇಡಿಟಿಎ ಇರುವ ಟಿಬಿಇ ಜೆಲ್‌ಗೆ ಹಾಕಿದರೆ ಬಾವಿಯಿಂದ (ಜೆಲ್‌ನಲ್ಲಿ ಸ್ಯಾಂಪಲ್ ಹಾಕುವ ಗುಳಿ) ಹೊರಬೀಳುವ ಹೊತ್ತಿಗೇ ಬಿಚ್ಚಿಕೊಳ್ಳಬಹುದು. ಜೆಲ್‌ಗೂ ಬಫರ್‌ಗೂ ಮೆಗ್ನೀಶಿಯಂ ಹಾಕಿ. ಕರೆಂಟ್ ಜಾಸ್ತಿ ಎಳೆದು ಬಿಸಿಯಾಗುತ್ತದೆ, ಐಸ್ ಮೇಲೆ ಇಟ್ಟು ಓಡಿಸಿ.

ಡಿಎನ್‌ಎ ಒರಿಗಾಮಿಗೆ

ಪಾಲ್ ರೋಥೆಮುಂಡ್ 2006ರಲ್ಲಿ 7 ಸಾವಿರಕ್ಕೂ ಜಾಸ್ತಿ ಬೇಸಿನ ವೈರಸ್ ಎಳೆಯೊಂದನ್ನು ಇನ್ನೂರಕ್ಕೂ ಹೆಚ್ಚು ಚಿಕ್ಕ ಎಳೆಗಳಿಂದ ಹೊಲಿದು ನಗುಮುಖ, ನಕ್ಷತ್ರ ಮಾಡಿದರಲ್ಲ, ಅಲ್ಲಿ ಬಳಸಿದ್ದು 12.5 ಮಿಲಿಮೋಲಾರ್ ಮೆಗ್ನೀಶಿಯಂ ಅಸಿಟೇಟ್. ಇವತ್ತಿಗೂ ಶುರು ಮಾಡಲು ಅದೇ ಅಂಕಿ. ಪದರದ ಮೇಲೆ ಪದರ ಇರುವ ಆಕಾರಕ್ಕೆ ಇನ್ನೂ ಸ್ವಲ್ಪ ಬೇಕಾಗುತ್ತದೆ, ಬಹಳ ಏರಿದರೆ ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಮೆಗ್ನೀಶಿಯಂ ಬೇಡ ಅಂದರೆ ಸೋಡಿಯಂನಲ್ಲೂ ಕಟ್ಟಬಹುದು ಅಂತ 2012ರಲ್ಲಿ ತೋರಿಸಿದ್ದಾರೆ. ಆದರೆ ಮೋಲಾರ್ ಲೆಕ್ಕದಲ್ಲಿ ಸುರಿಯಬೇಕು. ಕಟ್ಟಿದ್ದನ್ನು ಕೋಶಗಳ ಮೇಲೆ ಹಾಕುವ ಯೋಚನೆ ಇದ್ದರೆ ಇದನ್ನು ಮೊದಲೇ ಪರೀಕ್ಷಿಸಿ: ಕೋಶ ಬೆಳೆಸುವ ಮಾಮೂಲಿ ಮೀಡಿಯಂನಲ್ಲಿ ಮೆಗ್ನೀಶಿಯಂ 1 ಮಿಲಿಮೋಲಾರ್‌ಗಿಂತ ಕಡಿಮೆ. ಕೆಲವು ಆಕಾರಗಳು ತಡೆಯುತ್ತವೆ, ಕೆಲವು ಕುಸಿಯುತ್ತವೆ.

ಮಿಕ್ಕವರು

ಲಿಥಿಯಂ ಮಡಚಿಸಲು ಅಲ್ಲ, ಹೋಲಿಕೆಗೆ. ಮತ್ತೆ 2.5 ಮೋಲಾರ್ ಲಿಥಿಯಂ ಕ್ಲೋರೈಡಿನಿಂದ ಆರ್‌ಎನ್‌ಎ ಮಾತ್ರ ತಳಕ್ಕಿಳಿಸಬಹುದು. ಕ್ಯಾಲ್ಸಿಯಂ ಮೆಗ್ನೀಶಿಯಂನ ಹಾಗೇ ಎರಡು ಪ್ಲಸ್, ಆದರೆ ಎಂಜೈಮ್‌ಗಳು ಅದನ್ನು ಒಪ್ಪುವುದು ಕಡಿಮೆ. ಮ್ಯಾಂಗನೀಸ್ ಹಾಕಿದರೆ ಪಾಲಿಮರೇಸ್ ತಪ್ಪು ತಪ್ಪಾಗಿ ನಕಲು ಮಾಡುತ್ತದೆ, ತಪ್ಪೇ ಬೇಕಾದವರಿಗೆ ಒಳ್ಳೆಯದು. ಕೋಬಾಲ್ಟ್ ಹೆಕ್ಸಮ್ಮೀನ್ ನೀರು ಸುತ್ತಿಕೊಂಡ ಮೆಗ್ನೀಶಿಯಂನ ವೇಷ ಹಾಕುತ್ತದೆ, ಆದರೆ ಸುತ್ತಿಕೊಂಡದ್ದನ್ನು ಕಳಚುವುದಿಲ್ಲ. ನಿಮ್ಮ ಆರ್‌ಎನ್‌ಎಗೆ ಮೆಗ್ನೀಶಿಯಂ ನೇರವಾಗಿ ತಾಗಬೇಕೋ ಬೇಡವೋ ಅಂತ ತಿಳಿಯಲು ಇದೊಂದು ಉಪಾಯ. ಹೇರ್‌ಪಿನ್ ರೈಬೋಝೈಮ್ (ಎಂಜೈಮಿನ ಹಾಗೆ ಕೆಲಸ ಮಾಡುವ ಒಂದು ಆರ್‌ಎನ್‌ಎ) ಇದರಲ್ಲೂ ಕೆಲಸ ಮಾಡುತ್ತದೆ.

ಸ್ಪರ್ಮಿಡೀನ್ ಅನ್ನುವ ಸಾವಯವ ಅಯಾನಿನದು ಮೂರು ಪ್ಲಸ್. ಮ್ಯಾನಿಂಗ್ ಲೆಕ್ಕದಲ್ಲಿ ಎರಡು ಪ್ಲಸ್ ಅಯಾನು ಚಾರ್ಜನ್ನು ನೂರಕ್ಕೆ 88 ಅಳಿಸಿದರೆ, ಮೂರು ಪ್ಲಸ್ 92. ಡಿಎನ್‌ಎ ಸುರುಳಿ ಸುತ್ತಿ ಉಂಡೆಯಾಗಲು ಬೇಕಾದದ್ದು 89, 90. ಅದಕ್ಕೇ ನೀರಿನಲ್ಲಿ ಮೆಗ್ನೀಶಿಯಂ ಎಷ್ಟು ಹಾಕಿದರೂ ಡಿಎನ್‌ಎ ಉಂಡೆಯಾಗುವುದಿಲ್ಲ, ಸ್ಪರ್ಮಿಡೀನ್ ಚಿಟಿಕೆ ಸಾಕು. ಡಿಎನ್‌ಎ ನೋಡಿ ಆರ್‌ಎನ್‌ಎ ಮಾಡುವ ಟಿ7 ಟ್ರಾನ್ಸ್‌ಕ್ರಿಪ್ಷನ್ ಬಫರಿನಲ್ಲಿ ಇದು ಇರುತ್ತದೆ. ಐಸ್ ಮೇಲೆ ಬಫರಿಗೆ ನೇರ ಪ್ಲಾಸ್ಮಿಡ್ (ಉಂಗುರದಂಥ ಡಿಎನ್‌ಎ) ಹಾಕಿದರೆ ಡಿಎನ್‌ಎ ಗಸಿಯಾಗಿ ಕೂತುಬಿಡಬಹುದು. ಕೋಣೆಯ ಬಿಸಿಯಲ್ಲೇ ಬೆರೆಸಿ ಅನ್ನುವುದು ಅದಕ್ಕೆ.

ಏನೂ ಗೊತ್ತಿಲ್ಲದ ಹೊಸ ಆರ್‌ಎನ್‌ಎ ಕೈಗೆ ಬಂದರೆ ನಾನು ಮಾಡುವುದು ಇಷ್ಟು. ಪೊಟ್ಯಾಸಿಯಂ 100ಕ್ಕೆ ನಿಲ್ಲಿಸುತ್ತೇನೆ. ಮೆಗ್ನೀಶಿಯಂ 0, 0.5, 1, 2, 5, 10, 20 ಅಂತ ಏಳು ಟ್ಯೂಬ್. ಜೆಲ್‌ನಲ್ಲಿ ಬ್ಯಾಂಡ್ ಕೆಳಗಿಳಿಯುವುದು ಎಲ್ಲಿ ನಿಲ್ಲುತ್ತದೋ ಅದರ ಮುಂದಿನ ಟ್ಯೂಬು ನನ್ನದು. ಬಾವಿಯಲ್ಲೇ ಕಪ್ಪಗೆ ಕೂತರೆ ಜಾಸ್ತಿಯಾಯಿತು ಅಂತ, ಒಂದು ಮೆಟ್ಟಿಲು ಹಿಂದೆ. ಈ ಏಳು ಟ್ಯೂಬಿಗೆ ಬೇಕಾದ ಮೆಗ್ನೀಶಿಯಂ ಕ್ಲೋರೈಡನ್ನು ಡಬ್ಬಿಯಿಂದ ತೂಗಬೇಡಿ, ಅದರಲ್ಲೂ ಮಳೆಗಾಲದಲ್ಲಿ. ಹಳೇ ಬೆಲ್ಲದ ಹಾಗೆ ನೀರು ಬಿಟ್ಟುಕೊಂಡು ಕೂತಿರುತ್ತದೆ, ತೂಗಿದ್ದರಲ್ಲಿ ಉಪ್ಪೆಷ್ಟು ನೀರೆಷ್ಟು ಅಂತ ಗೊತ್ತಾಗುವುದಿಲ್ಲ. 1 ಮೋಲಾರ್ ದ್ರಾವಣದ ಬಾಟಲಿಯನ್ನೇ ಕೊಂಡುಬಿಡಿ.